ನ್ಯಾಮತಿ ಟೆಂಟಿನಲ್ಲಿ ವನ್ಸ್ ಮೋರ್

ಬೆಂಗಳೂರು, 11 ಜನವರಿ 1988, ಸೋಮವಾರ

ಮೆಮೊ ಕೈಗೆ ಬಂತು. ಹೋದ ತಿಂಗಳ ನನ್ನ ಸಂಗೀತ ಕಾರ್ಯಕ್ರಮ ನಾಲ್ಕು ನಿಮಿಷ ಹೆಚ್ಚಾಗಿ ಅದರ ನಂತರದ ವಾರ್ತೆಯೆಲ್ಲ ತಡವಾಯಿತಂತೆ, ಅದಕ್ಕೆ ನಿರ್ದೇಶಕಿ ಅನ್ನಪೂರ್ಣ ಎಂಬ ನಾನೇ ಹೊಣೆಯಂತೆ. ಹೌದು, ನಾನೇ. ನೇರ ಪ್ರಸಾರ. ಹಾಡುತ್ತಿದ್ದ ಹೆಂಗಸು ಕಣ್ಣು ಮುಚ್ಚಿಕೊಂಡಿದ್ದರು. ನಿಲ್ಲಿಸಿ ಎಂದು ಸನ್ನೆ ಮಾಡಿದರೆ ನೋಡುವವರಾರು? ಕಟ್ ಎನ್ನಬೇಕಾಗಿತ್ತು, ಬಾಯಿ ಬರಲಿಲ್ಲ. ಆರು ವರ್ಷದ ಟಿ.ವಿ. ನೌಕರಿಯಲ್ಲಿ ಒಂದೇ ಸಲ ಮೆತ್ತಗಾದೆ, ಅದೇ ಸಲ ಸಿಕ್ಕಿಬಿದ್ದೆ.

ಸಾಹೇಬರು ಕರೆದು ಇನ್ನೊಂದು ಅವಕಾಶ ಕೊಟ್ಟರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸುತ್ತಿನ ಕಲಾವಿದರನ್ನು ಹುಡುಕಿ, ಅಲ್ಲೇ ಜನರ ಮುಂದೆ ಹಾಡು-ಹಾಸ್ಯ ಮಾಡಿಸಿ, ಒಂದು ಕಾರ್ಯಕ್ರಮ ತರಬೇಕು. ಹೆಸರು "ನಾಲ್ಕೂರ ನಗೆ". "ನೀನು ಜಗಳೂರಿನವಳೇ ಅಲ್ಲವೇನಮ್ಮ? ಇಪ್ಪತ್ತನಾಲ್ಕೂವರೆ ನಿಮಿಷ. ಒಂದು ಸೆಕೆಂಡು ಹೆಚ್ಚಾದರೂ ಟೇಪುಗಳಿಗೆ ನಂಬರು ಬರೆಯುವ ಕೆಲಸಕ್ಕೆ ಕೂರಿಸುತ್ತೇನೆ" ಎಂದರು. ನಗುತ್ತಲೇ ಅಂದರು, ಆದರೆ ಅವರು ತಮಾಷೆ ಮಾಡುವವರಲ್ಲ.

ಸಂಜೆ ಹೊಸ ಸ್ಟಾಪ್‌ವಾಚ್ ಕೊಂಡು, ಕಪ್ಪು ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡೆ. ಇನ್ನು ಯಾರು ಕಣ್ಣು ಮುಚ್ಚಿ ಹಾಡಿದರೂ ನಾನು ಕರಗುವುದಿಲ್ಲ.

ಹೊನ್ನಾಳಿ, 18 ಜನವರಿ, ಸೋಮವಾರ

ಪ್ರವಾಸಿ ಮಂದಿರದಲ್ಲಿ ಬಿಡಾರ. ಇವತ್ತು ಆಯ್ಕೆ. ಕೆರೆಬಿಳಚಿಯ ಕ್ಲಾರಿಯೊನೆಟ್ಟು: ಐದು ನಿಮಿಷ ಹತ್ತು ಸೆಕೆಂಡು, ನಾಲ್ಕಕ್ಕೆ ಇಳಿಸಬೇಕು. ಚನ್ನಗಿರಿಯ ಮೇಷ್ಟ್ರೊಬ್ಬರ ಮಿಮಿಕ್ರಿ: ಆರು ನಿಮಿಷ, ಅದರಲ್ಲಿ ಒಂದೂವರೆ ನಿಮಿಷ ಬರೀ ಕೆಮ್ಮುತ್ತಾರೆ.

ಕೊನೆಗೆ ನ್ಯಾಮತಿಯಿಂದ ಒಂದು ಜೋಡಿ. ಗಿಡ್ಡಪ್ಪ, ಉಚ್ಚಂಗೆಮ್ಮ. ಗಂಡ-ಹೆಂಡತಿ. ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ಹಾಸ್ಯದ ಪಾರ್ಟು ಮಾಡಿದವರು; ಕಂಪನಿ ಮುಚ್ಚಿದ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ಇಟ್ಟಿದ್ದಾರೆ. ಅತ್ತೆ ಮನೆಗೆ ಹೊರಟ ಗಂಡ, ಬಾರದ ಬಸ್ಸು, ಕಾಯುವ ಹೆಂಡತಿ. ಅದೇ ಹಾಡು.

"ಬಸ್ಸು ಬಂತೇನೆ, ಸವಳಂಗದ ಬಸ್ಸು?"
"ಧೂಳು ಬಂತ್ರೀ, ಬಸ್ಸಿನ್ನೂ ಹಿಂದೈತ್ರೀ."
"ಬುತ್ತಿ ಬಿಚ್ಚಲೇನೆ, ಹಸಿವು ತಡೀದು?"
"ಬುತ್ತಿ ಖಾಲಿರೀ, ಬಟ್ಟೆ ಉಳದೈತ್ರೀ."

ಮೂರು ನಿಮಿಷ ನಲವತ್ತು ಸೆಕೆಂಡು. ಚೆನ್ನಾಗಿದೆ. ಮುದುಕನ ಧ್ವನಿ ಒಡಕು, ಹಾಸ್ಯಕ್ಕೆ ಒಪ್ಪುತ್ತದೆ. ಆದರೆ ಕೂಗುವುದೆಂದರೆ ಕೂಗುವುದು! ಹೊಳೆಯ ಆಚೆಗೂ ಕೇಳಿಸಿರಬೇಕು. "ಮೈಕು ಹತ್ತಿರವೇ ಇರುತ್ತೆ, ಮೆಲ್ಲಗೆ ಹಾಡಿ" ಎಂದೆ. ತಲೆಯಾಡಿಸಿದ. ಆಮೇಲೆ ಕೇಳಿದ: "ಜನ ವನ್ಸ್ ಮೋರ್ ಅಂದ್ರೆ, ಟಿ.ವಿ. ಅಕ್ಕೋರೆ?"

ವನ್ಸ್ ಮೋರ್ ಇಲ್ಲ, ಎಲ್ಲ ಒಂದೇ ಸಲ, ಎಂದೆ.

"ಜನ ಕೇಳಿದ್ ಮ್ಯಾಲೆ ಹಾಡದೆ ಇರಾಕೆ ಆಗ್ತೈತೇನ್ರಿ? ಊಟಕ್ಕೆ ಕುಂತೋರ್ನ ಎಬ್ಬಿಸಿದಂಗಲ್ಲೇನ್ರಿ? ನಾಟಕದಾಗೆ ಸತ್ತು ಬಿದ್ದೋನೂ ವನ್ಸ್ ಮೋರ್ ಅಂದ್ರೆ ಎದ್ದು ಹಾಡಿ, ಮತ್ತೆ ಸಾಯ್ತಿದ್ದ."

ಸಾಯುವುದಕ್ಕೂ ನನ್ನ ಕಾರ್ಯಕ್ರಮದಲ್ಲಿ ಸಮಯವಿಲ್ಲ ಎಂದೆ. ಉಚ್ಚಂಗೆಮ್ಮ ನಕ್ಕರು, ಮುದುಕ ನಗಲಿಲ್ಲ.

ಜಗಳೂರು, 20 ಜನವರಿ, ಬುಧವಾರ

ಸೊಕ್ಕೆಯಲ್ಲಿ ಕೊಟ್ರಮ್ಮನವರ ಸೋಬಾನೆ ಮೇಳ ನೋಡಿ ಬಂದೆ. ಎಂಟು ಮಂದಿ, ನಾಲ್ಕು ನಿಮಿಷ. ಒಳ್ಳೆಯ ಜನ, ಹೇಳಿದ ಕಡೆ ನಿಲ್ಲುತ್ತಾರೆ.

ದಾರಿಯಲ್ಲಿ ಅಣ್ಣನ ಮನೆಗೆ ಹೋಗಿ ಅವ್ವನ ಜೊತೆ ಊಟ ಮಾಡಿದೆ. ಮೂವತ್ತೈದು ನಿಮಿಷ ಇತ್ತು. ಅವ್ವ ರೊಟ್ಟಿ ಹಾಕುತ್ತ ನನ್ನ ಕೊರಳನ್ನೇ ನೋಡುತ್ತಿದ್ದಳು. "ಲಿಂಗ ಕಟ್ಕಳ್ಳೋ ಕೊಳ್ಳಿಗೆ ಗಡಿಯಾರ ಕಟ್ಕಂಡೀಯಲ್ಲೇ ಅನ್ನಪೂರ್ಣಿ" ಎಂದಳು. ಜೀಪು ಹಾರ್ನ್ ಹಾಕಿತು, ಎರಡನೆಯ ರೊಟ್ಟಿಯನ್ನು ಕೈಯಲ್ಲಿ ಹಿಡಿದೇ ಹತ್ತಿದೆ.

ನ್ಯಾಮತಿ, 22 ಜನವರಿ, ಶುಕ್ರವಾರ

ಹಾಲೇಶಪ್ಪನವರ ಟೆಂಟ್ ಸಿನಿಮಾವನ್ನು ರೆಕಾರ್ಡಿಂಗಿಗೆ ಗೊತ್ತು ಮಾಡಿದ್ದೇವೆ. ಅವರಿಗೆ ಸಂಭ್ರಮವೋ ಸಂಭ್ರಮ. ಬಾಗಿಲಲ್ಲೇ ಕಪ್ಪು ಹಲಗೆ ತೂಗುಹಾಕಿದ್ದಾರೆ: "ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಸೀಟಿ ಹೊಡೆಯಬಾರದು. ವನ್ಸ್ ಮೋರ್ ಕೂಗಬಾರದು. ಟಿ.ವಿ. ಅಕ್ಕೋರ ಅಪ್ಪಣೆ."

ಇವತ್ತು ತಾಲೀಮು. ಎಲ್ಲರದೂ ಸರಿಹೋಯಿತು, ಗಿಡ್ಡಪ್ಪನದೊಂದು ಬಿಟ್ಟು. ಆ ಮುದುಕ ಬಾಯಿಯನ್ನೇ ತೆರೆಯಲಿಲ್ಲ. ತುಟಿ ಅಲ್ಲಾಡುತ್ತದೆ, ಕೈ ಆಡುತ್ತದೆ, ಧ್ವನಿ ಮಾತ್ರ ಇಲ್ಲ. ಮೆಲ್ಲಗೆ ಹಾಡಿ ಎಂದದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿದ್ದಾನೆ ಅನಿಸಿತು. ಕ್ಯಾಮೆರಾದ ವಿರೂಪಾಕ್ಷಪ್ಪ, "ಸೌಂಡ್ ನೋಡ್ಕೋಬೇಕಲ್ಲ ಮೇಡಂ, ಒಂದ್ಸಲನಾದ್ರೂ ಹಾಡ್ಸಿ" ಎಂದು ಗೊಣಗಿದ. ಎರಡು ಸಲ ಹೇಳಿದೆ. ಮೂರನೆಯ ಸಲ ಗದರಿದೆ, ಎಲ್ಲರ ಎದುರಿಗೇ. "ಇದು ನಿಮ್ಮ ಕಂಪನಿಯಲ್ಲ, ನನ್ನ ಟೈಮು ಹಾಳು ಮಾಡಬೇಡಿ."

ಮುದುಕ ಕೈ ಮುಗಿದು ಮುಗುಳ್ನಕ್ಕ. ಇಷ್ಟು ಸೊಕ್ಕಿನ ಮನುಷ್ಯನನ್ನು ನೋಡಿಲ್ಲ. ನಾಳೆ ಬೆಳಿಗ್ಗೆ ಅವರನ್ನು ಕೈಬಿಡುತ್ತೇನೆ. ಮೂರು ನಿಮಿಷ ನಲವತ್ತನ್ನು ಮಿಮಿಕ್ರಿ ಮೇಷ್ಟ್ರಿಗೆ ಕೊಟ್ಟರಾಯಿತು, ಕೆಮ್ಮಿಕೊಳ್ಳಲಿ.

ಹೊನ್ನಾಳಿ, 23 ಜನವರಿ, ಶನಿವಾರ

ಬೆಳಿಗ್ಗೆ ಮೊದಲ ಬಸ್ಸಿಗೆ ಉಚ್ಚಂಗೆಮ್ಮ ಬಂದರು. ಕಾಗದದ ಪೊಟ್ಟಣದಲ್ಲಿ ಬಿಸಿ ಮೆಣಸಿನಕಾಯಿ ಬೋಂಡ. ಕುರ್ಚಿ ಎಳೆದರೂ ಕೂರಲಿಲ್ಲ.

"ಸೊಕ್ಕಲ್ರೀ ಅಕ್ಕೋರೆ. ನಮ್ಮನಿಯವ್ರ ಗಂಟ್ಲಾಗೆ ಗಡ್ಡೆ ಐತೆ. ಮುಂದಿನ ಬುಧವಾರ ಬಿಟ್ಟು ಅದರ ಮುಂದಿನ ಬುಧವಾರ ದಾವಣಗೇರ್ಯಾಗೆ ಆಪ್ರೇಷನ್ ಐತೆ. ಧ್ವನಿ ಪೆಟ್ಟಿಗೇನೇ ತೆಗೀತಾರಂತ್ರಿ. ಆಮ್ಯಾಕೆ ಮಾತು ಇಲ್ಲ, ಹಾಡು ಇಲ್ಲ."

ಬೋಂಡದ ಪೊಟ್ಟಣವನ್ನು ಅವರ ಕೈಯಿಂದ ಇಸಿದುಕೊಂಡು ಮೇಜಿನ ಮೇಲಿಟ್ಟೆ.

"ಅವತ್ತು ನಿಮ್ಮ ಮುಂದೆ ಹಾಡಿದ್ರಲ್ಲ, ಮೂರು ದಿನ ಉಗುಳಿನಾಗೆ ರಕ್ತ ಬಂತು. ಆವಾಗಿಂದ ಮನ್ಯಾಗೆ ಒಂದು ಮಾತಾಡಿಲ್ರೀ. ಚಾ ಬೇಕಂದ್ರೆ ಚಪ್ಪಾಳೆ. ನೀರಿಗೆ ಎರಡು ಚಪ್ಪಾಳೆ. ಇರೋ ಒಂದೀಟು ಧ್ವನೀನ ಭಾನುವಾರಕ್ಕಂತ ಇಟ್ಕಂಡಾರೆ. ಟಿ.ವಿ.ನಾಗೆ ಹಾಡಿದ್ರೆ ಅದು ಉಳೀತೈತೆ, ನಾನಿಲ್ಲದಿದ್ರೂ ಅದು ಇರ್ತೈತೆ ಅಂತ ಅವ್ರ ಆಸೆ. ನಿಮಗೆ ಹೇಳಿದ್ರೆ ಎಲ್ಲಿ ಕೈಬಿಡ್ತೀರೋ ಅಂತ ಹೇಳಾಕೆ ಬಿಡಲಿಲ್ಲ. ನಾನು ಕದ್ದು ಬಂದೀನಿ."

ನಾನು ಎದ್ದು ಅವರನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿದೆ. ನಾಳೆ ನಿಮ್ಮವರು ಹಾಡುತ್ತಾರೆ, ಒಂದೇ ಸಲ, ಅದಕ್ಕೆ ಮುಂಚೆ ಅವರ ಬಾಯಿಂದ ಒಂದಕ್ಷರವನ್ನೂ ನಾನು ಕೇಳುವುದಿಲ್ಲ, ಎಂದೆ. ಬೋಂಡ ಇಬ್ಬರೂ ತಿಂದೆವು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಒಳ್ಳೆಯದೇ ಆಯಿತು.

ಮಧ್ಯಾಹ್ನ ಟೆಂಟಿಗೆ ಹೋಗಿ ಸೌಂಡ್ ನೋಡಬೇಕೆಂದರೆ ಗಿಡ್ಡಪ್ಪನವರ ಜಾಗದಲ್ಲಿ ಯಾರಾದರೂ ಹಾಡಬೇಕಲ್ಲ. ಯಾರೂ ಒಪ್ಪಲಿಲ್ಲ, ನಾನೇ ನಿಂತೆ. ಬಸ್ಸು ಬಂತೇನೆ, ಸವಳಂಗದ ಬಸ್ಸು? ವಿರೂಪಾಕ್ಷಪ್ಪ ಕ್ಯಾಮೆರಾ ಬಿಟ್ಟು ಹೊರಗೆ ಓಡಿಹೋಗಿ ನಕ್ಕನಂತೆ. ಗಿಡ್ಡಪ್ಪನವರು ಮೂಲೆಯಲ್ಲಿ ಕೂತಿದ್ದವರು ಎದ್ದು ಬಂದು, ನನ್ನ ಭುಜ ಹಿಡಿದು ಸ್ವಲ್ಪ ಎಡಕ್ಕೆ ತಿರುಗಿಸಿ, ಕೈಯನ್ನು ಹಣೆಯ ಮೇಲಿಟ್ಟು ದಾರಿ ನೋಡುವುದು ಹೇಗೆಂದು ತೋರಿಸಿಕೊಟ್ಟರು. ನಿರ್ದೇಶಕಿಗೇ ನಿರ್ದೇಶನ. ನಿನ್ನೆ ಗದರಿದ್ದಕ್ಕೆ ಕ್ಷಮೆ ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಕರೆಂಟು ಹೋಯಿತು.

ಹಾಲೇಶಪ್ಪನವರ ಹಲಗೆ ಇರುವುದು ಒಳ್ಳೆಯದೇ. ಯಾರೂ ವನ್ಸ್ ಮೋರ್ ಕೂಗದಿದ್ದರೆ ಸಾಕು, ಆ ಗಂಟಲು ಒಂದು ಸಲಕ್ಕೆ ತಡೆಯುತ್ತದೆ.

ನ್ಯಾಮತಿ, 24 ಜನವರಿ, ಭಾನುವಾರ

ಬರೆಯುತ್ತೇನೆ. ಒಂದೂ ಬಿಡದೆ ಬರೆಯಬೇಕು.

ಟೆಂಟು ಭರ್ತಿ. ಸೊಕ್ಕೆಯ ಮೇಳ ಚೆಂದ, ಕ್ಲಾರಿಯೊನೆಟ್ಟು ಚೆಂದ, ಮೇಷ್ಟ್ರು ಕೆಮ್ಮಲಿಲ್ಲ. ನಾನು ಹೊರಗೆ ನಮ್ಮ ರೆಕಾರ್ಡಿಂಗ್ ವ್ಯಾನಿನಲ್ಲಿ ಎರಡು ಟಿ.ವಿ. ಪರದೆಗಳ ಮುಂದೆ. ಕಿವಿಗೆ ಹೆಡ್‌ಫೋನು, ಕೈಯಲ್ಲಿ ಸ್ಟಾಪ್‌ವಾಚು.

ಕೊನೆಯ ಹಾಡಿಗೆ ಗಿಡ್ಡಪ್ಪನವರು ಬಂದರು. ಕಚ್ಚೆ ಪಂಚೆ, ಮೇಲೊಂದು ಹಳೆಯ ಕೋಟು, ಕಂಕುಳಲ್ಲಿ ಕೊಡೆ. ನಾನು ಸ್ಟಾಪ್‌ವಾಚು ಒತ್ತಿದೆ. ಬಾಯಿ ತೆರೆದರು. ಆರು ದಿನ ಚಪ್ಪಾಳೆಯಲ್ಲೇ ಬದುಕಿದ ಮನುಷ್ಯ, ಕೂಡಿಟ್ಟದ್ದನ್ನೆಲ್ಲ ತೆಗೆದು ಮುಂದೆ ಇಟ್ಟರು. ಒಡಕು ಧ್ವನಿಯೇ, ಆದರೆ ಪ್ರತಿ ಮಾತೂ ಹಿಂದಿನ ಸಾಲಿನವರ ತೊಡೆಯ ಮೇಲೆ ಹೋಗಿ ಕೂರುತ್ತಿತ್ತು. ಬುತ್ತಿ ಖಾಲಿರೀ, ಬಟ್ಟೆ ಉಳದೈತ್ರೀ ಎಂದು ಉಚ್ಚಂಗೆಮ್ಮ ಬಟ್ಟೆ ಕೊಡವಿದಾಗ ವ್ಯಾನಿನ ಡ್ರೈವರ್ ಕೂಡ ನಕ್ಕ. ಮೂರು ನಿಮಿಷ ನಲವತ್ತೆರಡು ಸೆಕೆಂಡು. ಮುಗಿಯಿತು. ಬಚಾವಾದೆವು ಎಂದುಕೊಂಡೆ.

ಗಿಡ್ಡಪ್ಪನವರು ಹೋಗಲಿಲ್ಲ. ಅಲ್ಲೇ ನಿಂತು, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡರು. ಅದು ಅವರ ಹಳೆಯ ಅಭ್ಯಾಸವಂತೆ. ಹಾಡು ಮುಗಿದ ಮೇಲೆ ಜನ ಕರೆಯುತ್ತಾರೇನೋ ಎಂದು ಕೇಳಿಸಿಕೊಳ್ಳುವುದು. ಟೆಂಟಿನಲ್ಲಿ ಸದ್ದಿಲ್ಲ. ಎಲ್ಲರೂ ಹಲಗೆಯನ್ನು ಓದಿದ್ದರಲ್ಲ. ಆ ಅಂಗೈ ಹಾಗೇ ಇತ್ತು. ಆಮೇಲೆ ಒಬ್ಬರು ಕೂಗಿದರು: "ವನ್ಸ್ ಮೋರ್!" ಹಲಗೆ ಬರೆದ ಹಾಲೇಶಪ್ಪನವರೇ! ಅಷ್ಟಾದದ್ದೇ ತಡ, ಇಡೀ ಟೆಂಟು ಎದ್ದು ಕೂಗಿತು.

ಉಚ್ಚಂಗೆಮ್ಮ ಗಂಡನ ತೋಳು ಹಿಡಿದು, ಬೇಡ ಎಂದು ತಲೆಯಾಡಿಸಿದರು. ಅವರು ಹೆಂಡತಿಯ ಕೈಯನ್ನು ಮೆಲ್ಲಗೆ ಬಿಡಿಸಿ, ಕ್ಯಾಮೆರಾದ ಕಡೆ ತಿರುಗಿದರು. ನೇರ ನನ್ನನ್ನೇ ನೋಡಿದರು. ನಾನು ಕಾಣಿಸುವುದಿಲ್ಲ ಎಂದು ಗೊತ್ತು, ಆದರೂ ನೋಡಿದ್ದು ನನ್ನನ್ನೇ. ಅಪ್ಪಣೆ ಕೇಳಿದರು.

"ಕಟ್ ಮಾಡ್ಲಾ ಮೇಡಂ?" ಎಂದು ವಿರೂಪಾಕ್ಷಪ್ಪ ಹೆಡ್‌ಫೋನಿನಲ್ಲಿ ಕೇಳಿದ.

ಬೇಡ, ಹೂಂ ಅಂತ ತಲೆ ಆಡಿಸು, ಎಂದೆ.

ಗಿಡ್ಡಪ್ಪನವರು ಬಾಗಿ ನಮಸ್ಕಾರ ಮಾಡಿ ಶುರುಮಾಡಿದರು. ಎರಡು ಸಾಲು ಹಾಡಿದರು. ಮೂರನೆಯ ಸಾಲಿಗೆ ಧ್ವನಿ ನಿಂತುಹೋಯಿತು. ಬಾಯಿ ತೆರೆದೇ ಇತ್ತು, ಒಳಗಿನಿಂದ ಏನೂ ಬರಲಿಲ್ಲ. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಅವರು ಹೊಟ್ಟೆ ಮುಟ್ಟಿಕೊಂಡು, ಬುತ್ತಿಯ ಗಂಟನ್ನು ಕಳ್ಳನಂತೆ ನೋಡಿ, ಬಿಚ್ಚಲೇನೆ ಎಂದು ಬರೀ ಹುಬ್ಬಿನಲ್ಲಿ ಕೇಳಿದರು. ಉಚ್ಚಂಗೆಮ್ಮ ಆ ಸಾಲು ಕಿವಿಗೆ ಬಿದ್ದವರಂತೆಯೇ, ಒಂದು ಕ್ಷಣವೂ ತಡಮಾಡದೆ, "ಬುತ್ತಿ ಖಾಲಿರೀ!" ಎಂದು ಹಾಡಿದರು. ಟೆಂಟು ಬಿದ್ದು ಬಿದ್ದು ನಕ್ಕಿತು. ಮುಂದಿನದೆಲ್ಲ ಹಾಗೆಯೇ. ಅವರ ಸಾಲಿಗೆ ಧ್ವನಿಯಿಲ್ಲ, ಇವರ ಉತ್ತರ ತಪ್ಪಲಿಲ್ಲ. ಮೊದಲ ಸಲಕ್ಕಿಂತ ಎರಡರಷ್ಟು ನಗು. ಅದು ಹಾಸ್ಯದ ಹೊಸ ವರಸೆ ಎಂದೇ ಜನ ತಿಳಿದುಕೊಂಡರು.

ವ್ಯಾನಿನಿಂದ ಇಳಿದು ಒಳಗೆ ಓಡಿದೆ. ಪರದೆಯ ಹಿಂದೆ ಗಿಡ್ಡಪ್ಪನವರು ಪೆಟ್ಟಿಗೆಯ ಮೇಲೆ ಕೂತು ನೀರು ಕುಡಿಯುತ್ತಿದ್ದರು. ನನ್ನನ್ನು ಕಂಡು ಎರಡು ಕಿವಿ ಹಿಡಿದುಕೊಂಡು, ತಪ್ಪಾಯಿತು ಎಂದು ಸನ್ನೆ ಮಾಡಿದರು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಯಾರು ನೋಡಿದರೋ ಏನೋ.

ಎರಡನೆಯ ಸಲಕ್ಕೆ ಸ್ಟಾಪ್‌ವಾಚು ಒತ್ತುವುದೇ ಮರೆತುಹೋಗಿದೆ.

ಬೆಂಗಳೂರು, 29 ಜನವರಿ, ಶುಕ್ರವಾರ

ಎಡಿಟಿಂಗ್. ಎಷ್ಟು ಕೂಡಿಸಿದರೂ ಇಪ್ಪತ್ತೇಳು ನಿಮಿಷ ಐವತ್ತು. ಮೂರು ನಿಮಿಷ ಇಪ್ಪತ್ತು ಸೆಕೆಂಡು ಹೆಚ್ಚು. ಸಾಹೇಬರು ಐದು ನಿಮಿಷ ನೋಡಿ, "ಇದರಲ್ಲಿ ಯೋಚನೆ ಮಾಡುವುದೇನಿದೆ? ಒಂದೇ ಹಾಡು ಎರಡು ಸಲ ಇದೆ. ಎರಡನೆಯದು ತೆಗೆ. ಅರ್ಧಕ್ಕರ್ಧ ಧ್ವನಿಯೇ ಇಲ್ಲ" ಎಂದರು.

ಅವರು ಹೇಳುವುದು ಸರಿ. ನಾನಾದರೂ ಎರಡು ವಾರದ ಹಿಂದೆ ಅದನ್ನೇ ಹೇಳುತ್ತಿದ್ದೆ.

3 ಫೆಬ್ರವರಿ, ಬುಧವಾರ

ಇವತ್ತು ದಾವಣಗೆರೆಯಲ್ಲಿ. ಆಪರೇಷನ್ ಹನ್ನೊಂದು ಗಂಟೆಗೆ ಎಂದಿದ್ದರು. ಹನ್ನೊಂದಕ್ಕೆ ಎಡಿಟಿಂಗ್ ಕೋಣೆಗೆ ಹೋಗಿ ಆ ಹಾಡು ಹಾಕಿಕೊಂಡು ಕೂತೆ. ಮೊದಲ ಸಲದ್ದು. ಧ್ವನಿ ಇರುವುದು.

9 ಫೆಬ್ರವರಿ, ಮಂಗಳವಾರ

ಮುಗಿಸಿದೆ. ಎರಡನೆಯ ಸಲದ ಹಾಡನ್ನು ತೆಗೆಯಲಿಲ್ಲ. ಆರಂಭದಲ್ಲಿ ನಾನು ರೇಷ್ಮೆ ಸೀರೆ ಉಟ್ಟು ನಾಲ್ಕೂರುಗಳ ಬಗ್ಗೆ ಮಾತಾಡಿದ್ದು ಒಂದು ನಿಮಿಷ ನಲವತ್ತು, ತೆಗೆದೆ. ಕೊನೆಯಲ್ಲಿ ಕೆಲಸ ಮಾಡಿದವರ ಹೆಸರುಗಳು ಒಂದು ನಿಮಿಷ ಇಪ್ಪತ್ತು. ವಿರೂಪಾಕ್ಷಪ್ಪನನ್ನೂ ಉಳಿದವರನ್ನೂ ಕೇಳಿಯೇ ತೆಗೆದೆ. ಹಾಡಿದವರ ಹೆಸರು ಅವರವರ ಮುಖದ ಕೆಳಗೇ ಬರುತ್ತದೆ. ಇನ್ನುಳಿದದ್ದು ಇಪ್ಪತ್ತು ಸೆಕೆಂಡು. ಟೆಂಟಿನವರು ಕೂಗಿದ್ದೂ, ಕೈ ಬಿಡಿಸಿಕೊಂಡದ್ದೂ ತೆಗೆದೆ. ಗಿಡ್ಡಪ್ಪನವರು ಕಿವಿಯ ಹಿಂದೆ ಅಂಗೈ ಇಟ್ಟು ನಿಂತ ನಾಲ್ಕು ಸೆಕೆಂಡು ಮಾತ್ರ ಉಳಿಸಿದೆ.

ಸಾಹೇಬರು ಪೂರ್ತಿ ನೋಡಿದರು. "ಆ ನಾಲ್ಕು ಸೆಕೆಂಡು ಯಾಕಮ್ಮ ಖಾಲಿ? ಸೆಟ್ಟು ಕೆಟ್ಟಿತು ಅಂದುಕೊಳ್ಳುತ್ತಾರೆ ಜನ."

"ಇರಲಿ ಸಾರ್."

"ನಿನ್ನ ಹೆಸರೇ ಇಲ್ಲವಲ್ಲ?"

"ಜಾಗ ಸಾಲಲಿಲ್ಲ ಸಾರ್."

ಗಡಿಯಾರ ನೋಡಿದರು. ಇಪ್ಪತ್ತನಾಲ್ಕು ಮೂವತ್ತು. ಹಸಿರು ಶಾಯಿಯಲ್ಲಿ ಸಹಿ ಹಾಕಿದರು.

22 ಫೆಬ್ರವರಿ, ಸೋಮವಾರ

ಹಾಲೇಶಪ್ಪನವರಿಂದ ಕಾರ್ಡು. ಗಿಡ್ಡಪ್ಪನವರು ಮನೆಗೆ ಬಂದಿದ್ದಾರೆ, ಗಂಜಿ ಕುಡಿಯುತ್ತಿದ್ದಾರೆ. ಮಾರ್ಚ್ ಆರರ ಸಂಜೆ ನಮ್ಮ ಕಾರ್ಯಕ್ರಮ ಬರುವಾಗ ಟೆಂಟಿನಲ್ಲಿ ಟಿ.ವಿ. ಇಡುತ್ತಾರಂತೆ, ಬಿದಿರು ಗಳಕ್ಕೆ ಆಂಟೆನಾ ಕಟ್ಟಿ ಆಗಿದೆಯಂತೆ. "ತಾವು ಬರಲೇಬೇಕು. ಹಲಗೆ ತೆಗೆದಿದ್ದೇವೆ."

ಜಗಳೂರು, 5 ಮಾರ್ಚ್, ಶನಿವಾರ

ರಜ ಹಾಕಿ ಒಂದು ದಿನ ಮೊದಲೇ ಅವ್ವನ ಹತ್ತಿರ ಬಂದೆ. ಅವ್ವ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದಳು. ಅವಳು ಹಳೆಯ ಸಂಗತಿಗಳನ್ನೆಲ್ಲ ಹೇಳಿದಳು, ನಾನು ಕೇಳಿಸಿಕೊಂಡೆ. ಬೇರೆ ಏನೂ ಆಗಲಿಲ್ಲ.

ನ್ಯಾಮತಿ, 7 ಮಾರ್ಚ್, ಸೋಮವಾರ ಬೆಳಿಗ್ಗೆ

ನಿನ್ನೆಯದು.

ಟೆಂಟಿನಲ್ಲಿ ಬೆಳ್ಳಿ ಪರದೆಯ ಮುಂದೆ ಮೇಜು, ಮೇಜಿನ ಮೇಲೆ ಟಿ.ವಿ., ಅದಕ್ಕೆ ಚೆಂಡು ಹೂವಿನ ಹಾರ. ಹಿಂದಿನ ಸಾಲಿನವರಿಗೆ ಏನು ಕಾಣಿಸಿತೋ ಶಿವನೇ ಬಲ್ಲ. ಗಿಡ್ಡಪ್ಪಜ್ಜ ಮುಂದಿನ ಬೆಂಚಿನಲ್ಲಿ, ಕೊರಳಿಗೆ ಬಿಳಿಯ ಬಟ್ಟೆ ಸುತ್ತಿಕೊಂಡು ಕೂತಿದ್ದರು. ಇಳಿದುಹೋಗಿದ್ದಾರೆ. ನನ್ನನ್ನು ಕಂಡು ಒಂದು ಚಪ್ಪಾಳೆ ತಟ್ಟಿದರು. ಉಚ್ಚಂಗೆಮ್ಮ ಚಾ ತಂದುಕೊಟ್ಟರು. ನನಗಂತೆ.

ಅವರ ಪಕ್ಕದಲ್ಲೇ ಕೂತೆ. ಒಂದೊಂದಾಗಿ ಬಂದವು. ಸೊಕ್ಕೆಯ ಮೇಳ, ಕ್ಲಾರಿಯೊನೆಟ್ಟು, ಮೇಷ್ಟ್ರು. ಆಮೇಲೆ ಕೋಟು, ಕೊಡೆ. "ಬಸ್ಸು ಬಂತೇನೆ, ಸವಳಂಗದ ಬಸ್ಸು?" ಆ ಧ್ವನಿ ಕೇಳುತ್ತಲೇ ಅಜ್ಜನ ಕೈ ಕೊರಳ ಬಟ್ಟೆಗೆ ಹೋಯಿತು. ಮಗುವಿನ ಹಾಗೆ ಬಾಯಿ ಬಿಟ್ಟುಕೊಂಡು ತಮ್ಮ ಹಾಡನ್ನು ತಾವೇ ಕೇಳಿದರು.

ಹಾಡು ಮುಗಿಯಿತು. ಟಿ.ವಿ.ಯ ಗಿಡ್ಡಪ್ಪ ಕಿವಿಯ ಹಿಂದೆ ಅಂಗೈ ಇಟ್ಟು ನಿಂತ. ಟೆಂಟಿಗೆ ಟೆಂಟೇ, ಯಾರೂ ಹೇಳಿಕೊಡದೆ, ಒಟ್ಟಿಗೆ ಕೂಗಿತು: "ವನ್ಸ್ ಮೋರ್!"

ಟಿ.ವಿ.ಯ ಗಿಡ್ಡಪ್ಪ ಬಾಗಿ ನಮಸ್ಕಾರ ಮಾಡಿ, ಮತ್ತೆ ಶುರುಮಾಡಿದ.

ಹಾಲೇಶಪ್ಪನವರು ಬೆಂಚಿನ ಮೇಲೆ ಹತ್ತಿ, "ಕೇಳಿಸ್ತು ಕಣ್ರೋ! ನಾವು ಕೂಗಿದ್ದು ಬೆಂಗ್ಳೂರಿಗೆ ಕೇಳಿಸ್ತು!" ಎಂದು ಕಿರುಚಿದರು. ಟೆಂಟಿನ ಬಟ್ಟೆ ಹಾರಿಹೋಗುವಷ್ಟು ಗದ್ದಲ. ಆ ಖಾಲಿ ಸೆಕೆಂಡುಗಳನ್ನು ಯಾಕೆ ಬಿಟ್ಟೆ ಎಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ, ನಿನ್ನೆ ಗೊತ್ತಾಯಿತು.

ಮೂರನೆಯ ಸಾಲಿಗೆ ಟಿ.ವಿ.ಯಲ್ಲಿ ಧ್ವನಿ ಹೋಯಿತು. ಜನ ನಗುತ್ತಿದ್ದರು. ನಾನು ಪಕ್ಕಕ್ಕೆ ನೋಡಿದೆ. ಅಜ್ಜನ ತುಟಿಗಳು ಟಿ.ವಿ.ಯ ತುಟಿಗಳ ಜೊತೆ ಅಲ್ಲಾಡುತ್ತಿದ್ದವು.

ಕಾರ್ಯಕ್ರಮ ಮುಗಿಯಿತು. ಹೆಸರುಗಳಿರಲಿಲ್ಲವಲ್ಲ, ಹಾಡು ಮುಗಿದ ಕೂಡಲೇ ಬೇರೆ ಏನೋ ಬಂತು. ಹಾಲೇಶಪ್ಪನವರು ಹೋಗಿ ಆರಿಸಿದರು. ಜನ ಇನ್ನೂ ಎದ್ದಿರಲಿಲ್ಲ. ಆಗ ಗಿಡ್ಡಪ್ಪಜ್ಜ ಎದ್ದು, ಬೆಂಚು ಹಿಡಿದುಕೊಂಡು ಮುಂದೆ ಹೋಗಿ, ಆರಿದ ಟಿ.ವಿ.ಯ ಎದುರು ನಿಂತರು. ನನ್ನ ಕಡೆ ತಿರುಗಿ ಕಿವಿಯ ಹಿಂದೆ ಅಂಗೈ ಇಟ್ಟರು. ಜನರನ್ನಲ್ಲ, ನನ್ನನ್ನೇ ಕೇಳುತ್ತಿದ್ದರು. ಅವತ್ತು ಹೊನ್ನಾಳಿಯಲ್ಲಿ ಇಲ್ಲ ಎಂದವಳು ನಾನೇ ಅಲ್ಲವೇ.

"ವನ್ಸ್ ಮೋರ್!" ಎಂದು ಕೂಗಿದೆ. ಜೀವಮಾನದಲ್ಲಿ ಅಷ್ಟು ಜೋರಾಗಿ ಕೂಗಿಲ್ಲ.

ಅಜ್ಜ ಹಣೆಯ ಮೇಲೆ ಕೈಯಿಟ್ಟು ಸವಳಂಗದ ದಾರಿ ನೋಡಿದರು. ತುಟಿ ಆಡಿಸಿದರು. ಉಚ್ಚಂಗೆಮ್ಮ ಚಾ ಲೋಟ ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು, ಅವರ ಪಕ್ಕದಲ್ಲಿ ನಿಂತು ಉತ್ತರ ಕೊಟ್ಟರು:

"ಧೂಳು ಬಂತ್ರೀ, ಬಸ್ಸಿನ್ನೂ ಹಿಂದೈತ್ರೀ."

ಎಷ್ಟು ಹೊತ್ತು ಹಾಡಿದರೋ ಹೇಳಲಾರೆ. ಸ್ಟಾಪ್‌ವಾಚು ಜಗಳೂರಿನಲ್ಲಿ, ಅವ್ವನ ಬಚ್ಚಲಿನ ಗೂಟದ ಮೇಲೆಯೇ ಉಳಿದಿದೆ.